ಮೋಟ್ರಿಗೂ ಚಕ್ಕುಬಂದಿ, ಪ್ರೋಟೀನಿಗೂ ಚಕ್ಕುಬಂದಿ

ಹೋದ ತಿಂಗಳು ಅರಸೀಕೆರೆಲಿ ಒಂದು ಕಾಲೇಜಿನ ಹಾಲಲ್ಲಿ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳಿಸ್ಕೊಂಡು ನಾನೇ ಟೈಪ್ ಮಾಡಿದೀನಿ, ಫ್ಯಾನ್ ಸದ್ದಿಗೆ ಕೆಲವು ಕಡೆ ನಾನೇನಂದೆ ಅಂತ ನಂಗೇ ಕೇಳಿಸ್ಲಿಲ್ಲ, ಅಲ್ಲೆಲ್ಲ ನೆನಪಿಂದ ತುಂಬಿದೀನಿ. ಮಧ್ಯೆ ಜನ ಕೇಳಿದ್ದನ್ನೂ ಹಂಗೇ ಬಿಟ್ಟಿದೀನಿ.

ಎಲ್ರಿಗೂ ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ನಾನು ವಿಜ್ಞಾನಿ ಅಲ್ಲ. ಮೋಟ್ರೂ ಕಂಡುಹಿಡಿದಿಲ್ಲ, ಪ್ರೋಟೀನೂ ಕಂಡುಹಿಡಿದಿಲ್ಲ. ಕಂಡುಹಿಡಿದೋರು ಬಂದು ಹೇಳಿದ್ದನ್ನ ಕೇಳಿಸ್ಕೊಂಡು ಪೇಟೆಂಟ್ ಅರ್ಜಿ ಬರೆಯೋದು ನನ್ನ ಕೆಲಸ, ಬೆಂಗಳೂರಲ್ಲಿ, 14 ವರ್ಷದಿಂದ. ಬೆಳಗ್ಗೆ ಒಬ್ರು ಬಂದು ಮೋಟ್ರಿನ ರೋಟರ್ ಡ್ರಾಯಿಂಗ್ ಟೇಬಲ್ ಮೇಲೆ ಹರಡಿದ್ರೆ ಮಧ್ಯಾಹ್ನ ಊಟ ಆದ್ಮೇಲೆ ಇನ್ನೊಬ್ರು ಬಂದು ಯಾವುದೋ ಎಂಜೈಮಿನ (ಅದೂ ಒಂದು ಥರದ ಪ್ರೋಟೀನು) ಸೀಕ್ವೆನ್ಸು ಕೊಡ್ತಾರೆ. ಎರಡಕ್ಕೂ ಏನ್ ಸಂಬಂಧ ಅಂತ ಈ ಕಾಲೇಜಿನ ಮೇಷ್ಟ್ರೇ ಫೋನಲ್ಲಿ ಕೇಳಿದ್ರು, ಒಂದು ಸಂಜೆಗೆ ಒಂದೇ ವಿಷಯ ಇಟ್ಕೊಳ್ಳಮ್ಮ ಅಂತಾನೂ ಅಂದ್ರು. ಇಲ್ಲ ಸಾರ್, ಎರಡೂ ಒಂದೇ ಜಗಳ, ನೋಡ್ತಿರಿ ಅಂದೆ.

ನಿಮ್ಮಲ್ಲಿ ವಯಸ್ಸಾದೋರಿಗೆ ನೆನಪಿರ್ಬೋದು, ನಮ್ಮಪ್ಪಂದು ಇದೇ ಊರಲ್ಲಿ ಮೋಟ್ರು ರಿವೈಂಡಿಂಗ್ ಅಂಗಡಿ ಇತ್ತು. ಬೇಸಿಗೆ ಬಂತು ಅಂದ್ರೆ ಸುತ್ತಮುತ್ತಲ ತೆಂಗಿನ ತೋಟದ ಪಂಪ್‌ಸೆಟ್ಟೆಲ್ಲ ಸಾಲಾಗಿ ಸುಟ್ಕೊಂಡು ಬರೋವು, ಅಂಗಡಿ ತುಂಬ ಸುಟ್ಟ ವಾರ್ನಿಷ್ ವಾಸನೆ. ಅಪ್ಪ ಹಳೇ ಕಾಯಿಲು ಕಿತ್ತಾಕೋ ಮುಂಚೆ ಒಂದು ಡೈರಿ ತೆಗೆಯೋರು. ಸ್ಲಾಟ್ ಎಷ್ಟು, ಒಂದೊಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಎಷ್ಟು ಗೇಜು, ಯಾವ ಸ್ಲಾಟಿಂದ ಯಾವ ಸ್ಲಾಟಿಗೆ ಹಾರಿದೆ, ಎಲ್ಲ ಅದ್ರಲ್ಲಿ. ಕೆಲವು ಮೋಟ್ರಿಗೆ ಕಂಪ್ನಿ ಹಾಕಿದ್ದಕ್ಕಿಂತ ನಾಕು ಸುತ್ತು ಜಾಸ್ತಿ ಹಾಕೋರು, ನಮ್ಮೂರ ವೋಲ್ಟೇಜ್ ನೋಡ್ಕೊಂಡು. ಅದು ಅವರ ಸ್ವಂತ ಲೆಕ್ಕ. ಪಕ್ಕದ ಅಂಗಡಿಯೋರು ಟೀ ನೆಪದಲ್ಲಿ ಬಂದು ನಿಂತ್ರೆ ಸಾಕು, ಡೈರಿ ಮೆಲ್ಲಗೆ ಕೂತಿರೋ ಗೋಣಿ ಕೆಳಗೆ ಹೋಗೋದು. ಅಪ್ಪ ಈಗಿಲ್ಲ. ಡೈರಿ ನಮ್ಮನೇಲೇ ಇದೆ, ಆದ್ರೆ ಅರ್ಧಕ್ಕರ್ಧ ಅವರದೇ ಗುರುತು, ಅವರದೇ ಶಾರ್ಟ್‌ಹ್ಯಾಂಡು, ನಂಗೇ ಓದಕ್ಕಾಗಲ್ಲ. ಆ ನಾಕು ಸುತ್ತು ಯಾಕೆ ಅನ್ನೋದು ಅವರ ಜೊತೆನೇ ಹೋಯ್ತು.

ಪೇಟೆಂಟು ಅಂದ್ರೆ ಸರ್ಕಾರ ಅಪ್ಪನಂಥೋರಿಗೆ ಹೇಳೋ ಮಾತು: ಅಯ್ಯಾ, ಗೋಣಿ ಕೆಳಗಿಂದ ಡೈರಿ ತೆಗಿ, ಎಲ್ರೂ ಓದಿ ಮಾಡ್ಕೊಳೋ ಹಂಗೆ ಬರಿ, ಅದಕ್ಕೆ ಬದಲಾಗಿ 20 ವರ್ಷ ಯಾರೂ ನಿನ್ನ ಕೇಳ್ದೆ ಅದನ್ನ ಮಾಡದ ಹಂಗೆ ನೋಡ್ಕೋತೀನಿ. ಕೊಡು-ಕೊಳು ವ್ಯವಹಾರ ಅಷ್ಟೆ, ಸನ್ಮಾನ ಅಲ್ಲ. ಪೇಟೆಂಟ್ ಸಿಕ್ತು ಅಂತ ಹಾರ ಹಾಕಿ ಫೋಟೋ ತೆಗೆಸ್ಕೊಳೋದು ನೋಡಿದ್ರೆ ನಂಗೆ ನಗು ಬರುತ್ತೆ, ಕ್ರಯಪತ್ರ ಸಿಕ್ತು ಅಂತ ಯಾರಾದ್ರೂ ಶಾಲು ಹೊದಿಸ್ತಾರಾ.

ಕ್ರಯಪತ್ರ ಅಂದೆ ನೋಡಿ, ಅದೇ ಸರಿಯಾದ ಹೋಲಿಕೆ. ಪತ್ರದಲ್ಲಿ ನಾಕು ಪುಟ ಏನೇನೋ ಇರುತ್ತೆ, ಕೊನೇಲಿ ಚಕ್ಕುಬಂದಿ ಬರುತ್ತಲ್ಲ, ಪೂರ್ವಕ್ಕೆ ಇಂಥೋರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಮಾಲೀಕರ ಉಳಿಕೆ ಜಮೀನು ಅಂತ, ಕೋರ್ಟಿಗೆ ಹೋದಾಗ ಲೆಕ್ಕಕ್ಕೆ ಬರೋದು ಅದು. ಪೇಟೆಂಟಲ್ಲೂ ಕೊನೇಲಿ ಒಂದು, ಎರಡು, ಮೂರು ಅಂತ ನಂಬರ್ ಹಾಕಿರೋ ಕ್ಲೇಮುಗಳು ಬರ್ತವೆ, ಅದೇ ಚಕ್ಕುಬಂದಿ. ಪೇಪರಲ್ಲಿ 'ಹೊಸ ಮೋಟ್ರಿಗೆ ಪೇಟೆಂಟ್' ಅಂತ ಸುದ್ದಿ ಬಂದಾಗ ಎಲ್ರೂ ಟೈಟಲ್ ಓದ್ತಾರೆ, ಚಕ್ಕುಬಂದಿ ಯಾರೂ ಓದಲ್ಲ. ಜಗಳ ಇರೋದೆಲ್ಲ ಅಲ್ಲಿ. ಡೈರಿಲಿ ಎಷ್ಟು ಬರೆದಿದೀಯ, ಬೇಲಿ ಎಷ್ಟು ದೂರ ಹಾಕಿದೀಯ, ಎರಡಕ್ಕೂ ತಾಳೆ ಆಗ್ತದಾ. ಮೋಟ್ರಲ್ಲೂ ಇದೇ ಜಗಳ, ಪ್ರೋಟೀನಲ್ಲೂ ಇದೇ.

ಮೊದಲ ಕಥೆ ಒಬ್ಬ ಕಮ್ಮಾರಂದು. ಥಾಮಸ್ ಡೇವನ್‌ಪೋರ್ಟ್ ಅಂತ, ಅಮೆರಿಕದ ವರ್ಮಾಂಟಲ್ಲಿ ಬ್ರಾಂಡನ್ ಅನ್ನೋ ಊರು. ಹತ್ರದ ಕಬ್ಬಿಣದ ಕಾರ್ಖಾನೇಲಿ ಅದಿರು ಬೇರೆ ಮಾಡಕ್ಕೆ ಎಲೆಕ್ಟ್ರೋಮ್ಯಾಗ್ನೆಟ್ (ತಂತಿ ಸುತ್ತಿ ಕರೆಂಟ್ ಹರಿಸಿದ್ರೆ ಮ್ಯಾಗ್ನೆಟ್ ಆಗೋ ಕಬ್ಬಿಣ) ಇಟ್ಟಿದ್ರು, ಇವನು ಅದನ್ನ ನೋಡಿ ತಲೆ ಕೆಡಿಸ್ಕೊಂಡು ಬಂದ, ಅದನ್ನ ಕೊಂಡ್ಕೊಳಕ್ಕೆ ಒಡಹುಟ್ಟಿದವನ ಕುದುರೆ ಹೋಯ್ತು ಅಂತಾರೆ. ಮನೆಗೆ ತಂದು ಬಿಚ್ಚಿದ, ಹೆಂಡತಿ ಎಮಿಲಿ ಪಕ್ಕದಲ್ಲಿ ಕೂತು ತಂತಿ ಹೆಂಗೆ ಸುತ್ತಿದೆ ಅಂತ ಬರ್ಕೊಂಡ್ಳು (ಹೆಂಗಸರ ಕೈಲೂ ಒಂದು ಡೈರಿ ಇತ್ತು, ಅದನ್ನ ಯಾರೂ ದೊಡ್ಡದಾಗಿ ಹೇಳಲ್ಲ). ಆಮೇಲೆ ತಾವೇ ಮ್ಯಾಗ್ನೆಟ್ ಕಟ್ಟಕ್ಕೆ ಹೊರಟಾಗ ತಂತಿಗೆ ತಂತಿ ತಾಗ್ದಂಗೆ ಹೊದಿಕೆ ಬೇಕು, ಈಗಿನ ಥರ ಎನಾಮಲ್ ತಂತಿ ಆಗ ಇಲ್ಲ, ಎಮಿಲಿ ತನ್ನ ಮದುವೆಯ ರೇಷ್ಮೆ ಬಟ್ಟೆ ಹರಿದು ಪಟ್ಟಿ ಮಾಡಿ ಕೊಟ್ಳು ಅಂತ ಕಥೆ. ಕಥೆ ಎಷ್ಟು ನಿಜವೋ, ನಮ್ಮಮ್ಮ ಮಾತ್ರ ಅಪ್ಪಂಗೆ ಧಾರೆ ಸೀರೆ ಕೊಡ್ತಿರ್ಲಿಲ್ಲ, ಅದು ಗ್ಯಾರಂಟಿ.

ಮಾಡೆಲ್ಲು ವಾಷಿಂಗ್ಟನ್ನಿನ ಪೇಟೆಂಟ್ ಆಫೀಸಿಗೆ ಹೋಯ್ತು, 1836ರ ಡಿಸೆಂಬರಲ್ಲಿ ಆ ಆಫೀಸೇ ಬೆಂಕಿ ಬಿದ್ದು ಸುಟ್ಟೋಯ್ತು, ಪಾಪ ಮತ್ತೆ ಮಾಡಿದ. 1837ರ ಫೆಬ್ರವರಿ 25ಕ್ಕೆ ಪೇಟೆಂಟ್ ಬಂತು, ನಂಬರು 132. ಎಲೆಕ್ಟ್ರಿಕ್ ಮೋಟ್ರಿಗೆ ಅಮೆರಿಕದಲ್ಲಿ ಸಿಕ್ಕ ಮೊದಲ ಪೇಟೆಂಟು ಅದೇ. ಅದ್ರ ಚಕ್ಕುಬಂದಿ ನೋಡಿ, ಕನ್ನಡದಲ್ಲಿ ಹೇಳ್ತೀನಿ: ಮ್ಯಾಗ್ನೆಟ್ಟಿನ ಶಕ್ತಿ, ಎಲೆಕ್ಟ್ರೋಮ್ಯಾಗ್ನೆಟ್ಟಿನ ಶಕ್ತಿ, ಇದನ್ನ ಯಂತ್ರ ಓಡಿಸಕ್ಕೆ ಹಚ್ಚೋದು, ಮೇಲೆ ಹೇಳಿದ ರೀತೀಲಿ ಆಗ್ಲಿ ಅಥವಾ ತತ್ವದಲ್ಲಿ ಅದೇ ಆಗಿರೋ ಬೇರೆ ರೀತೀಲಿ ಆಗ್ಲಿ, ಎಲ್ಲ ನಂದು. ಅಂದ್ರೆ ಪೂರ್ವಕ್ಕೆ ಸೂರ್ಯ ಹುಟ್ಟೋ ಜಾಗ, ಪಶ್ಚಿಮಕ್ಕೆ ಮುಳುಗೋ ಜಾಗ! ಇವತ್ತಿನ ನಿಮ್ಮ ಮಿಕ್ಸಿ, ಫ್ಯಾನು, ಮೆಟ್ರೋ ರೈಲು ಎಲ್ಲ ಆ ಬೇಲಿ ಒಳಗೆ ಬರ್ತಿದ್ವೇನೋ. ಆದ್ರೆ ಅವನಿಗೆ ಒಂದು ರೂಪಾಯಿ ಲಾಭ ಆಗ್ಲಿಲ್ಲ. ಯಾಕಂದ್ರೆ ಆಗ ಕರೆಂಟು ಅಂದ್ರೆ ಬ್ಯಾಟ್ರಿ, ಬ್ಯಾಟ್ರಿ ಅಂದ್ರೆ ಸತು ಕರಗಿಸೋದು, ಕಲ್ಲಿದ್ದಲು ಸುಟ್ಟು ಸ್ಟೀಮ್ ಎಂಜಿನ್ ಓಡಿಸೋದೇ ಅಗ್ಗ. ಆಗಿನ ಕಾನೂನಲ್ಲಿ ಪೇಟೆಂಟಿಗೆ 14 ವರ್ಷ, 1851ಕ್ಕೆ ಅದು ಮುಗೀತು, ಅದೇ ವರ್ಷ ಡೇವನ್‌ಪೋರ್ಟೂ ತೀರ್ಕೊಂಡ. ಊರಗಲ ಬೇಲಿ ಹಾಕಿದ್ರೂ ಒಳಗೆ ಬೆಳೆ ಬರಬೇಕಲ್ಲ.

ಈಗ ತಲೆ ಎತ್ತಿ ಆ ಫ್ಯಾನ್ ನೋಡಿ. ನಿಮ್ಮನೇಲೂ ಒಂದಿನ ಹಿಂಗೆ ಆಗಿರುತ್ತೆ, ಸ್ವಿಚ್ ಹಾಕ್ತೀರ, ಫ್ಯಾನು ಗುಂಯ್ ಅನ್ನುತ್ತೆ, ತಿರುಗಲ್ಲ, ಯಾರೋ ಪೊರಕೆ ಕಡ್ಡಿಲಿ ರೆಕ್ಕೆ ತಳ್ತಾರೆ, ಆಗ ನಿಧಾನಕ್ಕೆ ಓಡಕ್ಕೆ ಶುರು. ಉಲ್ಟಾ ಕಡೆ ತಳ್ಳಿದ್ರೆ ಉಲ್ಟಾನೇ ತಿರುಗುತ್ತೆ, ಬೇಕಾದ್ರೆ ನೋಡಿ. ಕಂಡೆನ್ಸರ್ ಹೋಗಿದೆ ಅಂತ ಅಂಗಡಿಯೋನು ಎರಡೂವರೆ ಮೈಕ್ರೋಫ್ಯಾರಡ್‌ದು ಹಾಕಿ ಕೊಡ್ತಾನೆ, ಸರಿ ಹೋಯ್ತು. ಏನಾಯ್ತು ಅಲ್ಲಿ?

ಕೊಟ್ಟಿಗೇಲಿ ಒಂದು ಕರು ಅಂದ್ಕೊಳಿ. ಒಬ್ಬನೇ ನಿಂತು ಹುಲ್ಲು ತೋರ್ಸೋದು, ಮುಚ್ಚಿಡೋದು, ತೋರ್ಸೋದು, ಮುಚ್ಚಿಡೋದು ಮಾಡಿದ್ರೆ ಕರು ನಿಂತಲ್ಲೇ ತಲೆ ಆಡಿಸುತ್ತೆ, ಅಷ್ಟೆ. ಸುತ್ತ ಮೂರು ಜನ ನಿಂತು ಒಬ್ಬರಾದ್ಮೇಲೆ ಒಬ್ರು ಹುಲ್ಲು ತೋರಿಸ್ತಾ ಹೋಗಿ, ಕರು ಸುತ್ತ ತಿರುಗುತ್ತೆ. ಕರು ಮುಟ್ಟಿದ್ದೂ ಇಲ್ಲ, ಹಗ್ಗ ಕಟ್ಟಿದ್ದೂ ಇಲ್ಲ. ಆ ಮೂರು ಜನಾನೇ ತ್ರೀ ಫೇಸ್. ನಮ್ಮನೆಗೆ ಬರೋದು ಸಿಂಗಲ್ ಫೇಸು, ಒಬ್ಬನೇ ಆಳು, ಅದಕ್ಕೆ ಫ್ಯಾನಲ್ಲಿ ಎರಡನೇ ಕಾಯಿಲು ಇಟ್ಟು ಕಂಡೆನ್ಸರ್ ಹಾಕಿ ಅದ್ರ ಕರೆಂಟನ್ನ ಸ್ವಲ್ಪ ಮುಂದೆ ತಳ್ಳಿ ಸುಳ್ಳು ಸುಳ್ಳೇ ಎರಡನೇ ಆಳು ನಿಲ್ಲಿಸ್ತಾರೆ. ನಮ್ಮ ರೈತರು ಟೂ ಫೇಸ್ ಬಂದಾಗ ಕಂಡೆನ್ಸರ್ ಬಾಕ್ಸ್ ಹಾಕಿ ತ್ರೀ ಫೇಸ್ ಮೋಟ್ರು ಎತ್ತುತಾರಲ್ಲ, ಅದೂ ಇದೇ ಆಟ. ಅಪ್ಪನ ಅಂಗಡಿಗೆ ಬಿಸಿನೆಸ್ ಬರ್ತಿದ್ದಿದ್ದೂ ಅದ್ರಿಂದಾನೇ ಅನ್ನಿ, ಹಂಗೆ ಓಡಿಸಿದ್ರೆ ಕಾಯಿಲು ಬಿಸಿಯಾಗಿ ಬೇಗ ಹೋಗುತ್ತೆ.

ಈ ಸುತ್ತೋ ಹುಲ್ಲಿನ ಐಡಿಯಾ, ಇಬ್ಬರಿಗೆ ಬೇರೆ ಬೇರೆಯಾಗಿ ಬಂತು. ಇಟಲಿಯ ಟ್ಯೂರಿನ್ನಲ್ಲಿ ಗೆಲಿಲಿಯೋ ಫೆರಾರಿಸ್ ಅಂತ ಪ್ರೊಫೆಸರು, 1885ರಲ್ಲೇ ಮಾಡೆಲ್ ಮಾಡಿ ತಿರುಗಿಸಿದ್ರು. ಪೇಟೆಂಟ್ ಮಾಡಿಸ್ಲಿಲ್ಲ. ಅಲ್ಲಿನ ವಿಜ್ಞಾನ ಅಕಾಡೆಮಿಗೆ ಪೇಪರ್ ಕೊಟ್ಟಿದ್ದು 1888ರ ಮಾರ್ಚಲ್ಲಿ, ಅದ್ರಲ್ಲೂ ಇಂಥ ಮೋಟ್ರಿಂದ ವ್ಯಾಪಾರಕ್ಕೆ ಏನೂ ಉಪಯೋಗ ಇಲ್ಲ ಅನ್ನೋ ಧಾಟಿ. ಇನ್ನೊಬ್ರು ನಿಕೋಲಾ ಟೆಸ್ಲಾ. 1887ರ ಅಕ್ಟೋಬರ್ 12ಕ್ಕೆ ಅರ್ಜಿ ಹಾಕಿದ್ರು, 1888ರ ಮೇ 1ಕ್ಕೆ ಪೇಟೆಂಟ್ 381968 ಬಂತು, ಅದ್ರ ಜೊತೆಗೇ ಅದೇ ದಿನ ಇನ್ನೂ ಕೆಲವು. ಅಂದ್ರೆ ಫೆರಾರಿಸ್ ಪೇಪರ್ ಹೊರಗೆ ಬರೋ ಹೊತ್ತಿಗೆ ಟೆಸ್ಲಾ ಅರ್ಜಿ ಆಫೀಸಲ್ಲಿ ಐದು ತಿಂಗಳಿಂದ ಕೂತಿತ್ತು. ವೆಸ್ಟಿಂಗ್‌ಹೌಸ್ ಕಂಪ್ನಿಯೋರು ಜಾಣರು, ಟೆಸ್ಲಾ ಹತ್ರ ದೊಡ್ಡ ದುಡ್ಡು ಕೊಟ್ಟು ತಗೊಂಡ್ರು, ಜೊತೆಗೆ ಯಾಕೆ ಬೇಕು ತಾಪತ್ರಯ ಅಂತ ಫೆರಾರಿಸ್ ಹತ್ರನೂ ಹೋಗಿ 1000 ಡಾಲರಿಗೆ ಅಮೆರಿಕದ ಹಕ್ಕು ಬರೆಸ್ಕೊಂಡ್ರು. ಪಕ್ಕದ ಜಮೀನಿನೋನು ನಾಳೆ ತಕರಾರು ತೆಗೀಬಾರ್ದು ಅಂತ ನಾವು ಅವನದೂ ಒಂದು ಸಹಿ ಹಾಕಿಸ್ಕೊಳ್ತೀವಲ್ಲ, ಥೇಟ್ ಹಂಗೆ.

ಟೆಸ್ಲಾನ ಬೇಲಿ ಡೇವನ್‌ಪೋರ್ಟಿಂದಕ್ಕಿಂತ ಚಿಕ್ಕದು ಅನ್ನೋದು ಗಮನಿಸಿ. ಮ್ಯಾಗ್ನೆಟ್ಟಿಂದ ಓಡೋದೆಲ್ಲ ನಂದು ಅನ್ಲಿಲ್ಲ. ಬೇರೆ ಬೇರೆ ಕಾಯಿಲಿಗೆ ಹಿಂದೆ ಮುಂದೆ ಬರೋ ಕರೆಂಟು ಕೊಟ್ಟು ಮ್ಯಾಗ್ನೆಟ್ಟಿನ ದಿಕ್ಕನ್ನೇ ಸುತ್ತಿಸೋದು ನಂದು ಅಂದ್ರು. ಚಿಕ್ಕ ಸೈಟು, ಆದ್ರೆ ಮೇನ್ ರೋಡಲ್ಲಿ. ಆ ರೋಡಲ್ಲಿ ಓಡಾಡಬೇಕು ಅಂದ್ರೆ ಎಲ್ರೂ ಅದ್ರ ಮುಂದೇನೇ ಹೋಗ್ಬೇಕು. ಎದುರಾಳಿ ಕಂಪ್ನಿ ಜನರಲ್ ಎಲೆಕ್ಟ್ರಿಕ್ಕಿಗೂ ಬೇರೆ ದಾರಿ ಕಾಣ್ಲಿಲ್ಲ, 1896ರಲ್ಲಿ ವೆಸ್ಟಿಂಗ್‌ಹೌಸ್ ಜೊತೆ ಪೇಟೆಂಟ್ ಹಂಚ್ಕೊಳೋ ಒಪ್ಪಂದ ಮಾಡ್ಕೊಂಡ್ರು.

ಇದಕ್ಕೂ ನಮಗೂ ಒಂದು ನಂಟಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕರೆಂಟ್ ಕೊಟ್ರಲ್ಲ, ಶೇಷಾದ್ರಿ ಅಯ್ಯರ್ ಅವರ ಕನಸು, ಅದ್ರ ಕರೆಂಟಿನ ಮಶೀನು ಸಪ್ಲೈ ಮಾಡಿದ್ದು ಇದೇ ಜನರಲ್ ಎಲೆಕ್ಟ್ರಿಕ್ಕು. ಆ ಒಪ್ಪಂದ ಆಗಿ ಆರು ವರ್ಷ ಆಗಿತ್ತು. ಟೆಸ್ಲಾ ಪೇಟೆಂಟು ಮುಗಿದಿದ್ದು 1905ರ ಮೇ, ಬೆಂಗಳೂರಲ್ಲಿ ಕರೆಂಟ್ ದೀಪ ಹತ್ತಿದ್ದು 1905ರ ಆಗಸ್ಟ್. ಎರಡಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳ್ದೆ.

ಈ ಜನರಲ್ ಎಲೆಕ್ಟ್ರಿಕ್ ಹೆಸರು ಮರೀಬೇಡಿ, ಪ್ರೋಟೀನಿಗೆ ದಾಟೋ ಸೇತುವೆ ಇವರೇ. 1970ರ ಹೊತ್ತಿಗೆ ಇವರ ಲ್ಯಾಬಲ್ಲಿ ಆನಂದ ಮೋಹನ್ ಚಕ್ರವರ್ತಿ ಅಂತ ಬಂಗಾಳದೋರು ಕೆಲಸ ಮಾಡ್ತಿದ್ರು. ಕಚ್ಚಾ ಎಣ್ಣೆ ತಿನ್ನೋ ಬ್ಯಾಕ್ಟೀರಿಯಾಗಳಲ್ಲಿ ಒಂದೊಂದಕ್ಕೆ ಒಂದೊಂದು ಥರದ ಎಣ್ಣೆ ಜೀರ್ಣ ಆಗುತ್ತೆ, ಆ ಶಕ್ತಿ ಕೊಡೋ ಡಿಎನ್ಎ ಉಂಗುರಗಳನ್ನೆಲ್ಲ ಒಂದೇ ಬ್ಯಾಕ್ಟೀರಿಯಾಕ್ಕೆ ಸೇರಿಸಿದ್ರು. 1972ರಲ್ಲಿ ಅರ್ಜಿ. ಪೇಟೆಂಟ್ ಆಫೀಸಿನೋರು ಮಾಡೋ ವಿಧಾನಕ್ಕೆ ಕೊಡ್ತೀವಿ, ಬ್ಯಾಕ್ಟೀರಿಯಾಕ್ಕೆ ಕೊಡಲ್ಲ, ಜೀವ ಇರೋದಲ್ವಾ ಅಂದ್ರು. ಸುಪ್ರೀಂ ಕೋರ್ಟ್ ತನಕ ಹೋಯ್ತು, 1980ರ ಜೂನ್ 16, ಐದು ಜಡ್ಜು ಈ ಕಡೆ, ನಾಕು ಜಡ್ಜು ಆ ಕಡೆ. ಜೀವ ಇದ್ಯಾ ಇಲ್ವಾ ಅನ್ನೋದು ಪ್ರಶ್ನೆ ಅಲ್ಲ, ಪ್ರಕೃತಿ ಮಾಡಿದ್ದಾ ಮನುಷ್ಯ ಮಾಡಿದ್ದಾ ಅನ್ನೋದು ಪ್ರಶ್ನೆ ಅಂತ ತೀರ್ಪು. ಶಿವನಸಮುದ್ರಕ್ಕೆ ಮಶೀನ್ ಕಳಿಸಿದ ಕಂಪ್ನಿನೇ ಬಯೋಟೆಕ್ಕಿನ ಬಾಗಿಲೂ ತೆಗೆಸ್ತು.

ಸರಿ, ಪ್ರೋಟೀನು. ಇಲ್ಲಿ ಒಬ್ರು ಅಮ್ಮ ಕೇಳಿದ್ರು: ಪ್ರೋಟೀನು ಅಂದ್ರೆ ಮೊಟ್ಟೆ, ಬೇಳೆ ಅಲ್ವೇನಮ್ಮಾ, ಅದಕ್ಕೆಂಥ ಇಂಜಿನಿಯರಿಂಗು?

ಒಳ್ಳೇ ಪ್ರಶ್ನೆ. ಬೇಳೇಲಿ ಇರೋದೂ ಪ್ರೋಟೀನೇ ಅಮ್ಮಾ, ಆದ್ರೆ ಪ್ರೋಟೀನು ಅಂದ್ರೆ ಒಂದೇ ವಸ್ತು ಅಲ್ಲ, ಮಣಿ ಸರ ಅಂದ್ಕೊಳಿ. 20 ಬಗೆ ಮಣಿ ಇದಾವೆ. ಯಾವ ಮಣಿ ಆದ್ಮೇಲೆ ಯಾವ ಮಣಿ ಅನ್ನೋದ್ರ ಮೇಲೆ ಸರ ಹೆಂಗೆ ಮಡಚ್ಕೊಳುತ್ತೆ, ಏನು ಕೆಲಸ ಮಾಡುತ್ತೆ ಅನ್ನೋದು ನಿಂತಿದೆ. ಅಪ್ಪ ಸುತ್ತು ಎಣಿಸ್ದಂಗೆ ಇವರು ಮಣಿ ಎಣಿಸ್ತಾರೆ. ಬಟ್ಟೆ ಒಗೆಯೋ ಪುಡಿ ಪ್ಯಾಕೆಟ್ ಹಿಂದೆ ಎಂಜೈಮ್ ಅಂತ ಬರೆದಿರುತ್ತೆ ನೋಡಿ, ಅದ್ರಲ್ಲಿ ಸಬ್ಟಿಲಿಸಿನ್ ಅನ್ನೋ ಜಾತಿದು ಒಂದು. ರಕ್ತ, ಹಾಲು, ಸಾರಿನ ಕಲೆಲಿರೋ ಪ್ರೋಟೀನನ್ನ ತುಂಡು ತುಂಡು ಮಾಡೋದು ಅದ್ರ ಕೆಲಸ. 275 ಮಣಿ. ಒಂದೇ ತೊಂದ್ರೆ, ಬ್ಲೀಚ್ ಜೊತೆ ಸೇರಿಸಿದ್ರೆ ಸತ್ತೋಗುತ್ತೆ, ಬಟ್ಟೆ ಬೆಳ್ಳಗೂ ಆಗ್ಬೇಕು ಕಲೆನೂ ಹೋಗ್ಬೇಕು ಅಂದ್ರೆ ಆಗಲ್ಲ. ಯಾಕೆ ಅಂತ ಹುಡುಕಿದ್ರು. 222ನೇ ಜಾಗದಲ್ಲಿ ಮೆಥಿಯೋನಿನ್ ಅನ್ನೋ ಮಣಿ ಇದೆ, ಅದ್ರಲ್ಲಿ ಗಂಧಕ ಇದೆ, ಬ್ಲೀಚಿಗೆ ಅದು ತುಕ್ಕು ಹಿಡಿದಂಗೆ ಆಗುತ್ತೆ. 1980ರ ದಶಕದ ಮಧ್ಯದಲ್ಲಿ ಅಮೆರಿಕದ ಜೆನೆಂಟೆಕ್, ಜೆನೆನ್‌ಕೋರ್ ಕಡೆಯೋರು, ಎಸ್ಟೆಲ್, ವೆಲ್ಸ್ ಅಂತ, ಆ ಒಂದು ಮಣಿ ಕಿತ್ತು ಬೇರೆ ಮಣಿ ಪೋಣಿಸಿದ್ರು. ಅಲನಿನ್, ಸೀರಿನ್ ಥರದ್ದು ಹಾಕ್ದಾಗ ಬ್ಲೀಚಿಗೆ ಜಗ್ಗಲಿಲ್ಲ. ಬೇಕಾದ ಜಾಗದಲ್ಲಿ ಬೇಕಾದ ಮಣಿ ಬದಲಾಯಿಸೋ ವಿದ್ಯೆ ತೋರ್ಸಿದ್ದು ಕೆನಡಾದ ಮೈಕೆಲ್ ಸ್ಮಿತ್, 1978ರಲ್ಲಿ, ಅದಕ್ಕೇ 1993ರ ನೊಬೆಲ್ಲು. ಪೇಟೆಂಟ್ ಬಂತು, ಜಗಳಾನೂ ಬಂತು, ಡೆನ್ಮಾರ್ಕಿನ ನೋವೋ ಕಂಪ್ನಿ ಜೊತೆ.

ಇಲ್ಲಿ ನನ್ನ ಕೆಲಸದ ಕಷ್ಟ ನೋಡಿ. 275 ಜಾಗ, ಒಂದೊಂದು ಜಾಗಕ್ಕೂ ಬದಲಿ 19 ಮಣಿ, ಒಂದು ಮಣಿ ಬದಲಾಯಿಸಿದ್ರೇ 5225 ಹೊಸ ಸರ. ಎರಡು ಮಣಿ ಒಟ್ಟಿಗೆ ಬದಲಾಯಿಸ್ತೀನಿ ಅಂದ್ರೆ 1 ಕೋಟಿ 36 ಲಕ್ಷ. ಯಾರೂ ಅಷ್ಟೂ ಮಾಡಿ ನೋಡಿರಲ್ಲ. ಒಬ್ರು ಐದು ಮಾಡಿ ನೋಡಿರ್ತಾರೆ, ಬಂದು, ಎಲ್ಲಾನೂ ಸೇರ್ಸಿ ಬರೀರಿ ಮೇಡಂ ಅಂತಾರೆ. ಐದು ತೆಂಗಿನ ಸಸಿ ನೆಟ್ಟು ತಾಲ್ಲೂಕು ಪೂರ್ತಿ ಪಹಣಿ ಕೇಳಿದಂಗೆ. ಹಂಗೆ ಬರೀದೆ ಆ ಐದಕ್ಕೇ ಬೇಲಿ ಹಾಕಿದ್ರೆ ಪಕ್ಕದ ಕಂಪ್ನಿಯೋನು ಆರನೇದು ಮಾಡಿ ನಗ್ತಾನೆ.

(ಆಗಿಂದ ಜನ ಊಹಿಸೋದು ಬಿಟ್ಟು ಲಕ್ಷಗಟ್ಲೆ ತಪ್ಪು ತಪ್ಪು ನಕಲು ಮಾಡಿ ಚೆನ್ನಾಗಿರೋದನ್ನ ಆರಿಸ್ಕೊಳೋದು ಶುರು ಮಾಡಿದ್ರು, ಬಿತ್ತನೆ ರಾಗಿ ಆರಿಸ್ದಂಗೆ. ಫ್ರಾನ್ಸಿಸ್ ಆರ್ನಾಲ್ಡ್ ಇದಕ್ಕೇ 2018ರಲ್ಲಿ ನೊಬೆಲ್ ತಗೊಂಡ್ರು, ಅವರು ಮೊದಲು ಪಳಗಿಸಿದ್ದೂ ಇದೇ ಸಬ್ಟಿಲಿಸಿನ್ನನ್ನ. ಅದೇ ಒಂದು ದೊಡ್ಡ ಕಥೆ, ಇವತ್ತು ಬೇಡ.)

ಇಲ್ಲಿ ಕೂತಿರೋರಲ್ಲಿ ಶುಗರ್ ಇರೋರು ಎಷ್ಟು ಜನ? ಕೈ ಎತ್ಬೇಡಿ, ಗೊತ್ತು. ಇನ್ಸುಲಿನ್ನಿಗೆ 51 ಮಣಿ, ಎರಡು ಸರ. 1923ರಲ್ಲಿ ಟೊರಾಂಟೋದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂರು ಜನ ಆ ಪೇಟೆಂಟನ್ನ ಯೂನಿವರ್ಸಿಟಿಗೆ ತಲಾ ಒಂದು ಡಾಲರಿಗೆ ಬರ್ಕೊಟ್ರು. ದನದ್ದು, ಹಂದಿದು ಇನ್ಸುಲಿನ್ ತೆಗೆದು ಕೊಡ್ತಿದ್ದ ಕಾಲ. ಆಮೇಲೆ ಮನುಷ್ಯರ ಇನ್ಸುಲಿನ್ನನ್ನೇ ಬ್ಯಾಕ್ಟೀರಿಯಾ ಕೈಲಿ ಮಾಡಿಸಿದ್ರು. ಅದ್ರಲ್ಲೊಂದು ಕಿರಿಕಿರಿ, ಚುಚ್ಚಿಕೊಂಡ ಮೇಲೆ ಅರ್ಧ ಗಂಟೆ ಕಾದು ಊಟ ಮಾಡ್ಬೇಕು, ಯಾಕಂದ್ರೆ ಇನ್ಸುಲಿನ್ ಆರಾರು ಸೇರ್ಕೊಂಡು ಗುಂಪಾಗಿ ಕೂತಿರುತ್ತೆ, ಬಿಡಿಬಿಡಿ ಆದ್ಮೇಲೇ ರಕ್ತಕ್ಕೆ ಹೋಗೋದು. ಎಲೈ ಲಿಲಿ ಕಂಪ್ನಿಯೋರು ಎರಡನೇ ಸರದ 28ನೇ ಮಣಿ, 29ನೇ ಮಣಿ, ಎರಡನ್ನೂ ಅದಲು ಬದಲು ಮಾಡಿದ್ರು. ಅಷ್ಟೇ! ಪ್ರೋಲಿನ್-ಲೈಸಿನ್ ಇದ್ದಿದ್ದು ಲೈಸಿನ್-ಪ್ರೋಲಿನ್ ಆಯ್ತು. ಗುಂಪು ಗಟ್ಟಿ ನಿಲ್ಲಲ್ಲ, ಬೇಗ ಬಿಡ್ಕೊಳುತ್ತೆ, ಊಟಕ್ಕೆ ಕೂರೋ ಹೊತ್ತಿಗೇ ಚುಚ್ಕೊಬಹುದು. ಲಿಸ್ಪ್ರೋ ಅಂತ ಹೆಸರು, 1996ರಲ್ಲಿ ಅನುಮತಿ. ಗ್ಲಾರ್ಜಿನ್ ಅಂತ ಇನ್ನೊಂದು ಇನ್ಸುಲಿನ್, ಅದು ಇದ್ರ ಉಲ್ಟಾ. ಒಂದು ಮಣಿ ಬದಲಿಸಿ, ಕೊನೇಲಿ ಎರಡು ಮಣಿ ಜಾಸ್ತಿ ಪೋಣಿಸಿದಾರೆ, ಬಾಟ್ಲಿಲಿ ಕರಗಿರುತ್ತೆ, ಚರ್ಮದ ಕೆಳಗೆ ಹೋದ್ಮೇಲೆ ಸಣ್ಣ ಹರಳಾಗಿ ಕೂತು ದಿನವಿಡೀ ಸ್ವಲ್ಪ ಸ್ವಲ್ಪ ಬಿಡುತ್ತೆ.

ಪೇಟೆಂಟು ಮುಗಿದ್ಮೇಲೆ ಏನಾಗುತ್ತೆ? ಆ ಜಮೀನು ಗೋಮಾಳ ಆಗುತ್ತೆ, ಯಾರ ದನ ಬೇಕಾದ್ರೂ ಮೇಯಬಹುದು. ಬೆಂಗಳೂರಿನ ಬಯೋಕಾನ್ ಹಂಗೇ ಗ್ಲಾರ್ಜಿನ್ ಮಾಡಿ, 2021ರ ಜುಲೈನಲ್ಲಿ ಅದಕ್ಕೆ ಅಮೆರಿಕದಲ್ಲಿ ಮೂಲ ಔಷಧಿ ಬದಲಿಗೆ ಅಂಗಡಿಯೋನೇ ನೇರವಾಗಿ ಕೊಡಬಹುದು ಅನ್ನೋ ದರ್ಜೆ ಸಿಕ್ತು, ಇನ್ಸುಲಿನ್ನಲ್ಲಿ ಅದೇ ಮೊದಲು. 1978ರಲ್ಲಿ ಕಿರಣ್ ಮಜುಂದಾರ್ ಒಂದು ಗ್ಯಾರೇಜಲ್ಲಿ ಪಪ್ಪಾಯಿ ಹಾಲಿಂದ ಪಪೈನ್ ಎಂಜೈಮು ತೆಗೆಯೋದ್ರಿಂದ ಶುರು ಮಾಡಿದ ಕಂಪ್ನಿ ಅದು. ಪಪೈನಿಗೆ ಯಾರ ಪೇಟೆಂಟೂ ಬೇಕಿರ್ಲಿಲ್ಲ, ಗಿಡ ಮಾಡಿದ್ದು. ನಮ್ಮ ದೇಶದ ಕಾಯ್ದೇಲಿ 3(ಸಿ) ಅಂತ ಕಲಂ ಇದೆ, ಪ್ರಕೃತೀಲಿ ಇರೋ ವಸ್ತುನ ಕಂಡೆ ಅಂದ ಮಾತ್ರಕ್ಕೆ ಪೇಟೆಂಟ್ ಇಲ್ಲ.

ಹಂಗೆ ಪ್ರಕೃತೀಲಿ ಇರೋ ಒಂದು ಮೋಟ್ರು ಹೇಳ್ದೆ ಹೋದ್ರೆ ಅಪ್ಪನ ಆತ್ಮ ಒಪ್ಪಲ್ಲ. ನಮ್ಮ ಮೈಯ ಜೀವಕೋಶಗಳ ಒಳಗೆ ಎಟಿಪಿ ಸಿಂಥೇಸ್ ಅನ್ನೋ ಪ್ರೋಟೀನು ಇದೆ. ಅದು ಮೋಟ್ರಿನ ಥರ ಅಲ್ಲ, ಮೋಟ್ರೇ. ಸ್ಟೇಟರ್ ಇದೆ, ಮಧ್ಯ ಶಾಫ್ಟ್ ಇದೆ, ತಿರುಗುತ್ತೆ. 1997ರಲ್ಲಿ ಜಪಾನಿನೋರು ಆ ಶಾಫ್ಟಿಗೆ ಹೊಳೆಯೋ ಎಳೆ ಒಂದು ಅಂಟಿಸಿ ಮೈಕ್ರೋಸ್ಕೋಪಲ್ಲಿ ಇಟ್ರು, ಗಡಿಯಾರದ ಮುಳ್ಳಿನಂಗೆ ಸುತ್ತೋದು ಕಾಣ್ತು. ಸುತ್ತೋದು ಹೆಂಗೆ ಅಂದ್ರೆ ಒಂದು ಹೆಜ್ಜೆಗೆ 120 ಡಿಗ್ರಿ, ಮೂರು ಹೆಜ್ಜೆಗೆ ಒಂದು ಸುತ್ತು. ನಮ್ಮ ತ್ರೀ ಫೇಸಲ್ಲಿ ಒಂದು ಫೇಸಿಗೂ ಇನ್ನೊಂದಕ್ಕೂ ಎಷ್ಟು ಅಂತರ? 120 ಡಿಗ್ರಿ! ನಂಗೆ ಇದು ಮೊದಲ ಸಲ ಓದಿದಾಗ ಆಫೀಸಲ್ಲಿ ಎದ್ದು ನಿಂತ್ಬಿಟ್ಟಿದ್ದೆ. ಎರಡಕ್ಕೂ ಒಳಗಿನ ಕಾರಣ ಬೇರೆ ಬೇರೆ, ಗೊತ್ತು, ಆದ್ರೂ.

ಈಗ ಎರಡೂ ಒಂದೇ ಜಗಳ ಅಂದೆನಲ್ಲ, ಅಲ್ಲಿಗೆ ಬರ್ತೀನಿ. ಕೊಲೆಸ್ಟ್ರಾಲ್ ಇಳಿಸೋ ಇಂಜೆಕ್ಷನ್ನು, ಅದು ಆಂಟಿಬಾಡಿ, ಅಂದ್ರೆ ಪ್ರೋಟೀನು. ನಮ್ಮ ಮೈಯಲ್ಲಿ ಪಿಸಿಎಸ್‌ಕೆ9 ಅನ್ನೋದು ಒಂದಿದೆ, ಕೆಟ್ಟ ಕೊಲೆಸ್ಟ್ರಾಲ್ ಹಿಡಿದು ಒಳಗೆಳೆಯೋ ಕೊಕ್ಕೆಗಳನ್ನ ಅದು ನಾಶ ಮಾಡುತ್ತೆ, ಅದನ್ನೇ ಹಿಡಿದು ಕೂರಿಸಿದ್ರೆ ಕೊಕ್ಕೆ ಉಳಿಯುತ್ತೆ, ಕೊಲೆಸ್ಟ್ರಾಲ್ ಇಳಿಯುತ್ತೆ. ಆಮ್ಜೆನ್ ಅನ್ನೋ ಔಷಧಿ ಕಂಪ್ನಿ ಒಂದು ಆಂಟಿಬಾಡಿ ಮಾಡ್ತು, ಸನೋಫಿ ಅನ್ನೋ ಕಂಪ್ನಿ ಬೇರೆ ಒಂದು, ನಮ್ಮ ಬೇಲಿ ಒಳಗೆ ಬಂದಿದೀರ ಅಂತ ಆಮ್ಜೆನ್ ಕೋರ್ಟಿಗೆ ಹೋಯ್ತು. ಆಮ್ಜೆನ್ ತನ್ನ ಪೇಟೆಂಟಲ್ಲಿ 26 ಆಂಟಿಬಾಡಿಗಳ ಮಣಿ ಸರ ಪೂರ್ತಿ ಬರೆದಿತ್ತು. ಕ್ಲೇಮು ಮಾತ್ರ, ಆ ಪಿಸಿಎಸ್‌ಕೆ9ರ ಮೇಲೆ ಇಂಥ ಜಾಗಕ್ಕೆ ಅಂಟ್ಕೊಂಡು ಅದ್ರ ಕೆಲಸ ತಡೆಯೋ ಆಂಟಿಬಾಡಿ ಯಾವುದೇ ಇರ್ಲಿ, ಅಷ್ಟೂ ನಂದು. ಅಂಥದ್ದು ಲಕ್ಷಗಟ್ಲೆ ಇರ್ಬೋದು. ಉಳಿದವನ್ನ ಹೆಂಗೆ ಕಂಡ್ಕೊಳೋದು ಅಂದ್ರೆ, ಮಾಡಿ ನೋಡಿ, ಪರೀಕ್ಷೆ ಮಾಡಿ, ಇಲ್ಲ ಮಣಿ ಬದಲಾಯಿಸಿ ಮತ್ತೆ ಪರೀಕ್ಷೆ ಮಾಡಿ ಅಂತ ದಾರಿ ತೋರಿಸ್ತು.

2023ರ ಮೇ 18, ಅಮೆರಿಕದ ಸುಪ್ರೀಂ ಕೋರ್ಟು, ಒಂಬತ್ತೂ ಜಡ್ಜು ಒಂದೇ ಮಾತು: ಆಗಲ್ಲ. ನನಗೆ ಖುಷಿ ಆಗಿದ್ದು ಅದಲ್ಲ. ಜಡ್ಜ್ ಗೋರ್ಸಚ್ ಈ ಪ್ರೋಟೀನಿನ ತೀರ್ಪು ಬರೆಯಕ್ಕೆ ಎಲ್ಲಿಗೆ ಹೋದ್ರು ಅಂದ್ರೆ ಕರೆಂಟಿನ ಹಳೇ ಕೇಸುಗಳಿಗೆ! 1854ರದ್ದು, ಟೆಲಿಗ್ರಾಫಿನ ಮೋರ್ಸ್. ಅವನ ಬೇರೆ ಕ್ಲೇಮೆಲ್ಲ ಸರಿ ಇದ್ವು, ಎಂಟನೇದ್ರಲ್ಲಿ, ಎಲೆಕ್ಟ್ರೋಮ್ಯಾಗ್ನೆಟ್ಟಿನ ಶಕ್ತಿಯಿಂದ ದೂರಕ್ಕೆ ಅಕ್ಷರ ಕಳಿಸೋದು ಹೆಂಗೇ ಇರ್ಲಿ ಅದು ನಂದು ಅಂದಿದ್ದ, ಕೋರ್ಟ್ ಅದೊಂದನ್ನ ಹೊಡೆದಾಕಿತ್ತು. ನಮ್ಮ ಡೇವನ್‌ಪೋರ್ಟ್ ಕಮ್ಮಾರನ ಧಾಟಿನೇ ನೋಡಿ. ಇನ್ನೊಂದು 1895ರದ್ದು, ಬಲ್ಬಿಂದು. ಸಾಯರ್, ಮ್ಯಾನ್ ಅಂತ ಇಬ್ರು ಸುಟ್ಟ ಕಾಗದದ ಎಳೆ ಹಾಕಿ ಬಲ್ಬ್ ಮಾಡಿ, ನಾರು ಇರೋ ಯಾವ ವಸ್ತುನ ಸುಟ್ಟು ಹಾಕಿದ್ರೂ ನಮ್ದೇ ಅಂದಿದ್ರು. ಎಡಿಸನ್ ಕಡೆಯೋರು ಸಾವಿರಾರು ಗಿಡದ ನಾರು ಸುಟ್ಟು ನೋಡಿ ಕೊನೆಗೆ ಬಿದಿರು ಹಿಡ್ಕೊಂಡಿದ್ರು. ನಾರೆಲ್ಲ ನಿಮ್ದು ಅಂದ್ರೆ ಯಾವ ನಾರು ಉರಿಯುತ್ತೆ ಅಂತ ನಿಮಗೇ ಗೊತ್ತಿರ್ಲಿಲ್ವಲ್ಲ ಅಂತ ಕೋರ್ಟ್ ಕೇಳ್ತು. ಮೂರನೇ ಕೇಸು 1928ರದ್ದು, ಸ್ಟಾರ್ಚಿನ ಅಂಟು, ಅದು ಕರೆಂಟಲ್ಲ, ಬಿಡಿ. ಅಂತೂ ಕಮ್ಮಾರ, ತಂತಿ, ಬಿದಿರು, ಆಂಟಿಬಾಡಿ, ಎಲ್ಲಕ್ಕೂ ಒಂದೇ ಹದ್ದುಬಸ್ತು ಸರಪಳಿ: ಡೈರಿಲಿ ಎಷ್ಟು ಬರೆದಿದೀಯೋ ಅಷ್ಟಕ್ಕೇ ಬೇಲಿ.

ಈ ತೀರ್ಪು ನಂಗೆ ಪೂರ್ತಿ ಒಪ್ಪಿಗೆನಾ ಅಂತ ಕೇಳಿದ್ರೆ, ಮುಕ್ಕಾಲು. ಇಷ್ಟು ಬಿಗಿ ಮಾಡಿದ್ರೆ ಮೊದಲು ದಾರಿ ಕಡಿದೋನಿಗೆ ಕಾಲುದಾರಿ ಮಾತ್ರ ಸಿಗುತ್ತೆ, ಹಿಂದೆ ಬಂದೋನು ಪಕ್ಕದಲ್ಲೇ ಟಾರ್ ರೋಡ್ ಹಾಕ್ಕೋತಾನೆ, ಈ ಮಾತಲ್ಲೂ ನ್ಯಾಯ ಇದೆ.

ಒಬ್ರು ಯಜಮಾನ್ರು ಕೇಳಿದ್ರು: ಎಲೆಕ್ಟ್ರಿಕ್ ಸ್ಕೂಟ್ರಿನ ಮೋಟ್ರಿಗೆ ಚೀನಾದಿಂದ ಮ್ಯಾಗ್ನೆಟ್ ಬರ್ತಿಲ್ಲ ಅಂತಾರಲ್ಲ, ಅದೂ ಪೇಟೆಂಟ್ ಗಲಾಟೆನಾ?

ಇಲ್ಲ ಸಾರ್, ಅದು ಪೇಟೆಂಟ್ ಮುಗಿದ ಮೇಲಿನ ಗಲಾಟೆ. ನಿಯೋಡೈಮಿಯಂ, ಕಬ್ಬಿಣ, ಬೋರಾನ್ ಸೇರಿಸಿದ ಆ ಮ್ಯಾಗ್ನೆಟ್ಟನ್ನ ಜಪಾನಿನ ಮಸಾಟೋ ಸಗಾವ, ಅಮೆರಿಕದ ಜನರಲ್ ಮೋಟಾರ್ಸಿನ ಜಾನ್ ಕ್ರೋಟ್, ಇಬ್ರೂ 1980ರ ದಶಕದ ಶುರುವಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ದೆ ಕಂಡ್ಕೊಂಡ್ರು, 1983ರಲ್ಲಿ ಒಂದೇ ಸಮ್ಮೇಳನದಲ್ಲಿ ಇಬ್ರೂ ಎದ್ದು ಹೇಳಿದ್ರು, ಪಾಪ ಇಬ್ರಿಗೂ ಹೆಂಗಾಗಿರ್ಬೇಡ. ಒಬ್ರು ಪುಡಿ ಒತ್ತಿ ಬೇಯಿಸಿದ್ರು, ಇನ್ನೊಬ್ರು ಕರಗಿದ್ದನ್ನ ತಿರುಗೋ ಚಕ್ರದ ಮೇಲೆ ಸುರಿದು ರಿಬ್ಬನ್ ಮಾಡಿದ್ರು. ಇಲ್ಲಿ ಚಕ್ಕುಬಂದಿ ಬರೆದಿದ್ದು ಪರ್ಸೆಂಟೇಜಲ್ಲಿ, ಇದು ಇಷ್ಟರಿಂದ ಇಷ್ಟು, ಅದು ಅಷ್ಟರಿಂದ ಅಷ್ಟು ಅಂತ. ಕೊನೆಗೆ ಎರಡೂ ಕಡೆಯೋರು ರಾಜಿ ಆದ್ರು. ಆ ಮೂಲ ಪೇಟೆಂಟೆಲ್ಲ ಈಗ ಗೋಮಾಳ. ಆದ್ರೆ ನಿಯೋಡೈಮಿಯಂ ಥರದ ಲೋಹ ಇರೋ ಮಣ್ಣನ್ನ ಶುದ್ಧ ಮಾಡೋ ಕೆಲಸ ಬಹುಪಾಲು ಚೀನಾದಲ್ಲಿದೆ, 2025ರ ಏಪ್ರಿಲಲ್ಲಿ ಅವರು ಕೆಲವು ಲೋಹಕ್ಕೂ ಅದ್ರ ಮ್ಯಾಗ್ನೆಟ್ಟಿಗೂ ಎಕ್ಸ್‌ಪೋರ್ಟ್ ಲೈಸೆನ್ಸ್ ಬೇಕು ಅಂದ್ರು. ಡೈರಿ ತೆರೆದಿದೆ, ಓದ್ಬೋದು, ಅಡುಗೆ ಮಾಡಕ್ಕೆ ಅಕ್ಕಿ ಇಲ್ಲ. ಅದಕ್ಕೇ ಬೆಂಗಳೂರಲ್ಲಿ ಈಗ ಮ್ಯಾಗ್ನೆಟ್ಟೇ ಬೇಡದ ಮೋಟ್ರಿನ ಕೆಲಸ ಜೋರಾಗಿ ನಡೀತಿದೆ, ನನ್ನ ಟೇಬಲ್ ಮೇಲೂ ಒಂದೆರಡು ಇದಾವೆ, ಏನು ಅಂತ ಕೇಳ್ಬೇಡಿ, ಗೋಣಿ ಕೆಳಗಿವೆ.

ಕೊನೇ ಪ್ರಶ್ನೆ ಹಿಂದಿನ ಬೆಂಚಿನ ಒಬ್ಬ ಡಿಪ್ಲೊಮಾ ಹುಡುಗಂದು. ಟೂ ಫೇಸಲ್ಲಿ ಓಡಿಸಿದ್ರೂ ಮೋಟ್ರು ಬಿಸಿ ಆಗ್ದಿರೋ ಹಂಗೆ ಒಂದು ಬಾಕ್ಸ್ ಮಾಡಿದೀನಿ ಅಕ್ಕಾ, ಲೋಡ್ ನೋಡ್ಕೊಂಡು ಕಂಡೆನ್ಸರ್ ತಾನೇ ಬದಲಾಯಿಸುತ್ತೆ, ಪೇಟೆಂಟ್ ಸಿಗುತ್ತಾ? ನಂಗೆ ಅಪ್ಪ ನೆನಪಾದ್ರು. ಎಲ್ಲಾದ್ರೂ ಹೇಳಿದೀಯಾ, ತೋರ್ಸಿದೀಯಾ ಅಂತ ಕೇಳ್ದೆ. ಹೂಂ ಅಕ್ಕಾ, ಯೂಟ್ಯೂಬಲ್ಲಿ ಪೂರ್ತಿ ಬಿಚ್ಚಿ ತೋರ್ಸಿದೀನಿ, ಮೂರು ತಿಂಗಳಾಯ್ತು, ಒಳ್ಳೇ ವ್ಯೂಸ್ ಬಂದಿದೆ ಅಂದ.

ಹಾಲೆಲ್ಲ ನಕ್ತು, ನಾನು ನಗ್ಲಿಲ್ಲ. ಅರ್ಜಿ ಹಾಕೋ ಮುಂಚೆ ಊರಿಗೆಲ್ಲ ತೋರ್ಸಿಬಿಟ್ರೆ ಅದು ಹೊಸದಲ್ಲ, ಪೇಟೆಂಟ್ ಸಿಗಲ್ಲ. ಜೀನ್ ಕತ್ತರಿಸಿ ಜೋಡಿಸೋ ವಿದ್ಯೆ ಕಂಡುಹಿಡಿದ ಕೋಹೆನ್, ಬಾಯರ್ ಅವರೂ ಇದನ್ನೇ ಮಾಡಿದ್ರು. 1973ರ ನವೆಂಬರಲ್ಲಿ ಪೇಪರ್ ಹಾಕ್ಬಿಟ್ರು. ಅಮೆರಿಕದಲ್ಲಿ ಆಗ ಒಂದು ವರ್ಷ ವಿನಾಯಿತಿ ಇತ್ತು, ಯೂನಿವರ್ಸಿಟಿಯೋರು ಓಡೋಡಿ 1974ರ ನವೆಂಬರ್ 4ಕ್ಕೆ ಅರ್ಜಿ ಹಾಕಿದ್ರು, ವರ್ಷ ತುಂಬಕ್ಕೆ ಇನ್ನೇನು ಒಂದು ವಾರ. ಆ ಪೇಟೆಂಟಿಂದ ಮುಂದೆ ಸುಮಾರು 25 ಕೋಟಿ ಡಾಲರ್ ಬಂತು, ಆದ್ರೆ ಹೊರದೇಶದ ಹಕ್ಕು ಅಷ್ಟೂ ಹೋಯ್ತು. ನಮ್ಮಲ್ಲಿ ಆ ಒಂದು ವರ್ಷದ ವಿನಾಯಿತಿ ಯೂಟ್ಯೂಬಿಗೆಲ್ಲ ಇಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನ, ವಿದ್ವತ್ ಸಭೇಲಿ ಓದಿದ ಪ್ರಬಂಧ, ಇಂಥ ಕೆಲವಕ್ಕೆ ಮಾತ್ರ.

ವಿಡಿಯೋ ಡಿಲೀಟ್ ಮಾಡ್ಲಾ ಅಕ್ಕಾ ಅಂದ. ಡಿಲೀಟ್ ಮಾಡಿದ್ರೆ ನೋಡಿದೋರ ತಲೆಯಿಂದ ಹೋಗುತ್ತೇನೋ, ಬಿಡು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಆದ್ರೆ ಅದಾದ್ಮೇಲೆ ಬಾಕ್ಸ್ ಒಳಗೆ ಸ್ವಲ್ಪ ಚೇಂಜ್ ಮಾಡಿದೀನಿ ಅಕ್ಕಾ, ಮೊದಲು ರಿಲೇ ಟಕ್ ಟಕ್ ಅಂತಿತ್ತು, ಈಗ ಬೇರೆ ಥರ ಮಾಡಿದೀನಿ, ಮೋಟ್ರಿಗೆ ಆ ಝಟ್ಕಾ ಹೊಡೆಯಲ್ಲ, ಹೆಂಗೆ ಅಂದ್ರೆ...

ತಡಿ ತಡಿ ಅಂದೆ. ಮೈಕ್ ಆಫ್ ಮಾಡಪ್ಪಾ ಅಂತ ಮೇಷ್ಟ್ರಿಗೇ ಹೇಳ್ಬಿಟ್ಟೆ ಗಡಿಬಿಡಿಲಿ. ಹುಡುಗನ ನಂಬರ್ ತಗೊಂಡಿದೀನಿ, ಬರೋ ವಾರ ಬೆಂಗಳೂರಿಗೆ ಬರ್ತಾನಂತೆ, ಬಾಕ್ಸು ತಗೊಂಡು.